ಮಲಗುವ ಆಟ

ಆನೆಯವನು ಎಂದೂ ನೆಟ್ಟಗೆ ನಿಂತವನಲ್ಲ. ನಿಂತಲ್ಲೇ ತೂಗುತ್ತಿದ್ದ. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಬಸ್ಸಿಗೆ ಕಾಯುವಾಗ, ಆಸ್ಪತ್ರೆಯ ಸಾಲಿನಲ್ಲಿ, ಬಾಗಿಲಲ್ಲಿ ನಿಂತು ಯಾರ ಜೊತೆಗಾದರೂ ಮಾತಾಡುವಾಗ, ಎಲ್ಲಾ ಕಡೆ ಅದೇ. ಕಾಲಿಗೆ ಸರಪಳಿ ಬಿದ್ದ ಆನೆ ಹೀಗೆ ತೂಗುತ್ತದೆ. ಹದಿನೆಂಟನೇ ವಯಸ್ಸಿನಿಂದ ಅದರ ಪಕ್ಕ ನಿಂತವನಿಗೂ ಅದು ಅಂಟಿಕೊಂಡಿತ್ತು. ಮದುವೆಯ ದಿನ ತೆಗೆಸಿದ ಫೋಟೊದಲ್ಲಿ ಹೆಂಡತಿ ಸ್ಪಷ್ಟವಾಗಿದ್ದಾಳೆ, ಅವನು ಹೊಗೆ ಎದ್ದ ಹಾಗಿದ್ದಾನೆ. ಫೋಟೊದವನು ಮೂರು ಸಲ ತೆಗೆದ. ಮೂರು ಸಲವೂ ಹೊಗೆ.

"ಅಣ್ಣಾ, ಒಂದು ನಿಮಿಷ ಕಂಬದ ಹಾಗೆ ನಿಂತ್ಕೊಳಪ್ಪ."

"ನಿಂತೇ ಇದೀನಲ್ಲ."

"ನೀನು ನಿಂತಿಲ್ಲ. ತೊಟ್ಟಿಲಲ್ಲಿದೀಯ."

ಹೆಂಡತಿ ಸರ್ಕಸ್ಸಿನ ದರ್ಜಿ. ಸಣಕಲು ಮೈ, ಚೂಪು ಬಾಯಿ. ಅದಕ್ಕೇ ಎಲ್ಲರೂ ಸೂಜಿ ಅನ್ನುತ್ತಿದ್ದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹಗ್ಗದ ಮೇಲೆ ನಡೆಯುವ ಹುಡುಗಿಯರ ಬಟ್ಟೆಯಿಂದ ಹಿಡಿದು ಡೇರೆಯ ಹರಿದ ಮೂಲೆಯ ತನಕ ಎಲ್ಲಾ ಅವಳೇ ಹೊಲಿಯಬೇಕು. ಆನೆಯವನು ಅವಳನ್ನು ಕೇಳಲು ಬಂದಾಗ ಅವಳ ತಾಯಿ ಬಾಗಿಲಲ್ಲೇ ವಿಚಾರಣೆ ಶುರು ಮಾಡಿದಳು.

"ಮನೇಲಿ ಯಾರ್ಯಾರಿದ್ದೀರಪ್ಪ?"

"ನಾನು, ದೊಡ್ಡಮ್ಮ. ಇಬ್ಬರೇ."

"ವಯಸ್ಸಾದವರಾ?"

"ನನಗಿಂತ ಸ್ವಲ್ಪ ದೊಡ್ಡವಳು."

"ಅವರನ್ನೂ ನನ್ನ ಮಗಳೇ ನೋಡ್ಕೋಬೇಕಾ?"

"ಬೇಡ, ನಾನೇ ನೋಡ್ಕೋತೀನಿ. ಊಟ ಸ್ವಲ್ಪ ಜಾಸ್ತಿ."

ಸೂಜಿ ಒಳಗೆ ಕುಳಿತು ದಾರ ಕಚ್ಚಿಕೊಂಡು ನಗು ತಡೆದಳು. ದೊಡ್ಡಮ್ಮ ಯಾರೆಂದು ತಾಯಿಗೆ ಗೊತ್ತಾದದ್ದು ಮದುವೆಯಾಗಿ ವಾರ ಕಳೆದ ಮೇಲೆ. ಮಗಳನ್ನು ನೋಡಲು ಸರ್ಕಸ್ಸಿಗೆ ಬಂದವಳ ತಲೆಯ ಮೇಲಿನ ವಸ್ತ್ರವನ್ನು ಬೀಗಿತ್ತಿಯೇ ಸೊಂಡಿಲಲ್ಲಿ ಎತ್ತಿ ತೆಗೆದಳು.

ದೊಡ್ಡಮ್ಮ ಎಲ್ಲಿ ಹುಟ್ಟಿದಳೋ ಯಾರಿಗೂ ಗೊತ್ತಿರಲಿಲ್ಲ. ಮರಿಯಾಗಿದ್ದಾಗ ಯಾರೋ ಲಾರಿಯಲ್ಲಿ ತಂದು ಇಳಿಸಿದ್ದರು. ಹಿಂಗಾಲಿನ ಸುತ್ತ ಹಗ್ಗ ಕೊರೆದ ಗುರುತು, ಬಳೆ ತೊಟ್ಟ ಹಾಗೆ, ಕೊನೆಯವರೆಗೂ ಇತ್ತು. ಅವಳಿಗೆ ಸರ್ಕಸ್ಸಿನಲ್ಲಿ ಒಂದೇ ಆಟ. ಮಲಗುವ ಆಟ. ರಿಂಗಿನ ನಡುವೆ ದೊಡ್ಡ ಹಾಸಿಗೆ. ಅದರ ಮೇಲೆ ಜೋಕರ್ ಮಲಗಿ ಗೊರಕೆ ಹೊಡೆಯುತ್ತಾನೆ. ದೊಡ್ಡಮ್ಮ ಮಲಗುವ ಟೋಪಿ ಹಾಕಿಕೊಂಡು ಬರುತ್ತಾಳೆ. ಜೋಕರನನ್ನು ಒಂದೇ ನೂಕಿಗೆ ಉರುಳಿಸಿ ತಾನು ಮಲಗುತ್ತಾಳೆ. ಅವನು ಅತ್ತು ಕರೆದು, ಕೊನೆಗೆ ಅವಳಿಗೇ ಹೊದಿಕೆ ಹೊದಿಸಿ ಜೋಗುಳ ಹಾಡುತ್ತಾನೆ. ಸೊಂಡಿಲಿನಿಂದ ಡೇರೆ ನಡುಗುವ ಹಾಗೆ ಗೊರಕೆ. ಜನ ಬಿದ್ದು ಬಿದ್ದು ನಗುತ್ತಾರೆ. ಚಪ್ಪಾಳೆ. ಚಪ್ಪಾಳೆ ಕೇಳಿದ್ದೇ ದೊಡ್ಡಮ್ಮ ಎದ್ದು ಸಲಾಮು ಹೊಡೆಯುತ್ತಾಳೆ.

ಅವಳಿಗೆ ಅದನ್ನು ಕಲಿಸಿದ್ದು ಹಗ್ಗದಿಂದ. ನಾಲ್ಕು ಕಾಲಿಗೆ ನಾಲ್ಕು ಹಗ್ಗ, ಎಳೆಯಲು ಒಟ್ಟು ಆರು ಜನ. ಎಳೆದು ಕೆಡವುವುದು, ಚಪ್ಪಾಳೆ ತಟ್ಟಿ ಹಗ್ಗ ಸಡಿಲ ಬಿಡುವುದು. ಆಮೇಲೆ ಬ್ರೆಡ್ಡು. ಒಂದು ತಿಂಗಳು ಹಾಗೆ. ಆರು ಜನರಲ್ಲಿ ಒಬ್ಬ ಆನೆಯವನು. ಆಗಷ್ಟೇ ಕೆಲಸಕ್ಕೆ ಸೇರಿದ್ದ. ಅದನ್ನು ಅವನು ಸೂಜಿಗೆ ಹೇಳಿದ್ದು ಮದುವೆಯಾಗಿ ಹತ್ತು ವರ್ಷದ ಮೇಲೆ. ಹೇಳಿ, ಎದ್ದು ಹೊರಗೆ ಹೋದ.

ದಿನಕ್ಕೆ ಮೂರು ಆಟ. ದೊಡ್ಡಮ್ಮ ದಿನಕ್ಕೆ ಮೂರು ಸಲ ಮಲಗಿ ಮೂರು ಸಲ ಎದ್ದಳು. ಒಂದು ಸಲವೂ ನಿದ್ದೆ ಮಾಡಲಿಲ್ಲ. ನಿದ್ದೆ ನಿಂತೇ ಮಾಡುತ್ತಿದ್ದಳು, ಲಾರಿಯ ಪಕ್ಕಕ್ಕೆ ಒರಗಿ, ಸೊಂಡಿಲಿನ ತುದಿಯನ್ನು ನೆಲಕ್ಕೆ ಊರಿ. ಆನೆಯವನು ಅವಳ ಮುಂಗಾಲಿಗೆ ಬೆನ್ನು ಕೊಟ್ಟು ಕುಳಿತೇ ಮಲಗುತ್ತಿದ್ದ. ಮದುವೆಯಾದ ಮೇಲೂ ಅಷ್ಟೇ. ಮಂಚದ ಮೇಲೆ ಸ್ವಲ್ಪ ಹೊತ್ತು ಹೊರಳಾಡಿ, ಎದ್ದು ಹೋಗಿ ಗೋಡೆಗೆ ಒರಗಿ ಕುಳಿತು ಕಣ್ಣು ಮುಚ್ಚುತ್ತಿದ್ದ.

"ಮನುಷ್ಯರ ಹಾಗೆ ಕಾಲು ಚಾಚಿ ಮಲಗ್ರೀ."

"ಮಲಗಿದ್ರೆ ಯಾರೋ ಚಪ್ಪಾಳೆ ತಟ್ಟಿದ ಹಾಗಾಗುತ್ತೆ ಕಣೇ."

ಮಕ್ಕಳಾಗಲಿಲ್ಲ. ಯಾರಾದರೂ ಕೇಳಿದರೆ ಸೂಜಿ, "ಒಂದಿದೆ. ಇನ್ನೂ ಸರಿಯಾಗಿ ಮಲಗೋದು ಕಲಿತಿಲ್ಲ," ಅನ್ನುತ್ತಿದ್ದಳು.

ಆ ವರ್ಷಗಳು ಅವಳಿಗೆ ಒಂದರ ಮೇಲೊಂದು ಮಡಚಿಟ್ಟ ಬಟ್ಟೆಯ ಹಾಗೆ ನೆನಪು. ಯಾವುದು ಯಾವ ಊರು ಗೊತ್ತಿಲ್ಲ. ಅದೇ ಮೈದಾನ, ಅದೇ ನಲ್ಲಿ, ಅದೇ ಕಂಬ. ಮಧ್ಯಾಹ್ನದ ಆಟಕ್ಕೆ ಮೊದಲು ಡೇರೆಯಲ್ಲಿ ಯಾರೂ ಇರುತ್ತಿರಲಿಲ್ಲ. ನೀಲಿ ಪಟ್ಟೆ, ಹಳದಿ ಪಟ್ಟೆಯ ಕ್ಯಾನ್ವಾಸಿನಿಂದ ಬಿಸಿಲು ಸೋಸಿ ಬಂದು ಎಲ್ಲವೂ ನೀರಿನ ಅಡಿ ಇದ್ದ ಹಾಗೆ ಕಾಣುತ್ತಿತ್ತು. ಮರದ ಹೊಟ್ಟಿನ ಧೂಳು ಮೇಲಕ್ಕೆ ಹೋಗುತ್ತಿತ್ತೋ ಕೆಳಕ್ಕೆ ಬರುತ್ತಿತ್ತೋ ತಿಳಿಯುತ್ತಿರಲಿಲ್ಲ. ಸೂಜಿ ಮಷೀನು ತುಳಿಯುತ್ತಿದ್ದಳು. ಆನೆಯವನು ತೂಗುತ್ತಿದ್ದ, ದೊಡ್ಡಮ್ಮ ತೂಗುತ್ತಿದ್ದಳು, ನೋಡುತ್ತಾ ನೋಡುತ್ತಾ ಡೇರೆಯೇ ತೂಗುತ್ತಿತ್ತು. ಹೊಲಿಗೆ ಎಲ್ಲಿಂದ ಎಲ್ಲಿಗೋ ಹೋಗಿ, ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತಿತ್ತು.

ಆಮೇಲೆ ಹೊಸ ಕಾನೂನು ಬಂತು. ಸರ್ಕಸ್ಸಿನಲ್ಲಿ ಪ್ರಾಣಿ ಕೂಡದು ಎಂದಾಯಿತು. ದೊಡ್ಡಮ್ಮನನ್ನು ಎರಡು ದಿನದ ದಾರಿ ಲಾರಿಯಲ್ಲಿ ಒಯ್ದು ಒಂದು ಮೃಗಾಲಯಕ್ಕೆ ಬಿಟ್ಟರು. ಆನೆಯವನನ್ನೂ ಬಿಟ್ಟರು, ಅವನಿಲ್ಲದೆ ಅವಳು ಲಾರಿಯಿಂದ ಇಳಿಯಲಿಲ್ಲ, ಅದಕ್ಕೆ. ಸೂಜಿ ಮಷೀನು ತಲೆಯ ಮೇಲೆ ಹೊತ್ತು ಹಿಂದೆ ಹೋದಳು. ಮೃಗಾಲಯದ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದರು. ಕಿಟಕಿ ತೆಗೆದರೆ ಸಿಂಹದ ವಾಸನೆ.

ಮೃಗಾಲಯದಲ್ಲಿ ಸರಪಳಿ ಇರಲಿಲ್ಲ. ನೆರಳಿತ್ತು, ತೊಟ್ಟಿ ತುಂಬ ನೀರಿತ್ತು, ಹೊಟ್ಟೆ ತುಂಬ ಹುಲ್ಲಿತ್ತು. ನೆಲ ಮಾತ್ರ ಸಿಮೆಂಟು. ಬೆಳಿಗ್ಗೆ ಪೈಪು ಹಿಡಿದು ತೊಳೆದರೆ ಕನ್ನಡಿ. ಮೃಗಾಲಯದ ಸಾಹೇಬರಿಗೆ ಅದೇ ಹೆಮ್ಮೆ. ದೊಡ್ಡಮ್ಮ ಮೂರು ಗಂಟೆಗೆ ಸರಿಯಾಗಿ ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದಳು. ಆರಕ್ಕೆ ಇನ್ನೊಂದು ಸಲ, ಒಂಬತ್ತಕ್ಕೆ ಮತ್ತೊಂದು ಸಲ. ಆಟದ ಹೊತ್ತು. ಯಾರೂ ಕರೆಯದಿದ್ದರೆ ತೂಗುತ್ತಾ ಒಳಗೆ ಹೋಗುತ್ತಿದ್ದಳು. ಹಾಗೇ ಮೂರು ವರ್ಷ.

ನಾಲ್ಕನೇ ವರ್ಷ ಎಡ ಮುಂಗಾಲಿನ ಉಗುರಿನ ಬುಡ ಊದಿತು. ಡಾಕ್ಟರಮ್ಮ ಬಂದು ನೋಡಿದರು. ಚಿಕ್ಕ ವಯಸ್ಸು, ದೊಡ್ಡ ಬೂಟು, ನೇರ ಮಾತು.

"ಇವಳು ರಾತ್ರಿ ಮಲಗಲ್ವಾ?"

"ನಿಂತೇ ನಿದ್ದೆ ಮಾಡ್ತಾಳೆ."

"ಅದಕ್ಕೇ ಕಾಲು ಹೀಗಾಗಿರೋದು. ಇಷ್ಟು ಭಾರ ಇಪ್ಪತ್ತನಾಲ್ಕು ಗಂಟೆ ಆ ನಾಲ್ಕು ಪಾದದ ಮೇಲೇ ಇದ್ರೆ ಇನ್ನೇನಾಗುತ್ತೆ? ಮಲಗಬೇಕು. ಮಲಗದಿದ್ರೆ ಈ ಕಾಲು ಉಳಿಯಲ್ಲ. ಕಾಲು ಹೋದ್ರೆ ಆನೆ ಹೋಯ್ತು."

"ಅಷ್ಟೇನಾ?" ಅಂದ ಆನೆಯವನು. ಹುಲ್ಲು ತುಂಬಿಡುವ ಹಟ್ಟಿಗೆ ಹೋಗಿ ಏನನ್ನೋ ಹುಡುಕಿ, ಖಾಲಿ ಗೋಣಿಚೀಲವೊಂದನ್ನು ತಂದು ಅವಳ ತಲೆಗೆ ಹೊದಿಸಿದ. ಮಂಡಿ ತಟ್ಟಿದ. "ಹೊತ್ತಾಯ್ತು, ದೊಡ್ಡಮ್ಮ."

ದೊಡ್ಡಮ್ಮ ಸಿಮೆಂಟಿನ ಮೇಲೆ ಮಲಗಿದಳು. ಗೊರಕೆ ಹೊಡೆದಳು. ಬೇಲಿಯ ಆಚೆ ನಿಂತ ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಎದ್ದಳು, ಸಲಾಮು ಹೊಡೆದಳು. ಆನೆಯವನು ಮೀಸೆ ತಿರುವುತ್ತಾ ಡಾಕ್ಟರಮ್ಮನ ಕಡೆ ನೋಡಿದ. ಅವರ ಮುಖ ಕಪ್ಪಿಟ್ಟಿತ್ತು.

"ಇದು ನಿದ್ದೆ ಅಲ್ಲ, ಡ್ಯೂಟಿ. ಪಾಪ, ಅದಕ್ಕೆ ಮಲಗೋದೇ ಕೆಲಸ ಅಂತ ಕಲಿಸಿದ್ದೀರಲ್ಲ. ಇನ್ನು ಅದು ಸುಮ್ನೆ ಯಾಕೆ ಮಲಗುತ್ತೆ?"

ಆ ದಿನ ಆನೆಯವನು ಮನೆಗೆ ಬಂದು ಊಟ ಮಾಡಲಿಲ್ಲ. "ಮೀಸೆ ಬೇರೆ ತಿರುವಿದೆ ಕಣೇ," ಅಂದ, ಅಷ್ಟೇ.

ಅಲ್ಲಿಂದ ಅವನಿಗೆ ಒಂದೇ ಹುಚ್ಚು. ಅವಳು ತಾನಾಗಿ ಮಲಗಬೇಕು. ಮರಳು ಬೇಕೆಂದು ಸಾಹೇಬರ ಬಾಗಿಲಿಗೆ ಎಡತಾಕಿದ. ಮರಳು ಹಾಕಿದರೆ ಮೋರಿ ಕಟ್ಟಿಕೊಳ್ಳುತ್ತದೆ ಅಂದರು. ಮೋರಿ ನಾನು ಬಗೆಯುತ್ತೇನೆ ಅಂದ. ನೆಲ ಗಲೀಜಾಗುತ್ತದೆ ಅಂದರು. ಆನೆ ನೆಲ ನೆಕ್ಕಲ್ಲ ಸಾಹೇಬ್ರೇ ಅಂದ. ಕೊನೆಗೆ ಡಾಕ್ಟರಮ್ಮ ಕಾಗದ ಬರೆದ ಮೇಲೆ ಎರಡು ಲಾರಿ ಮರಳು ಬಂತು. ಆನೆಯವನು ಗುಡ್ಡೆ ಮಾಡಿ, ಒಂದು ಪಕ್ಕ ಇಳಿಜಾರು ಮಾಡಿ, ಕೈಯಿಂದಲೇ ಕಲ್ಲು ಆರಿಸಿದ. ದೊಡ್ಡಮ್ಮ ಬಂದಳು, ಮೂಸಿದಳು, ಬೆನ್ನಿಗೆ ಎರಚಿಕೊಂಡಳು. ಸಂತೋಷಪಟ್ಟಳು. ಮಲಗಲಿಲ್ಲ.

ತೋರಿಸಿಕೊಟ್ಟರೆ ಕಲಿಯುತ್ತಾಳೆಂದು ತಾನೇ ಮಧ್ಯಾಹ್ನ ಮರಳಿನ ಮೇಲೆ ಕಾಲು ಚಾಚಿ ಮಲಗಿದ. ಬೇಲಿಯ ಹತ್ತಿರ ಒಬ್ಬ ತಂದೆ ಮಗುವನ್ನು ಎತ್ತಿ ಹಿಡಿದು, "ನೋಡು ಪುಟ್ಟಾ, ನಿಂತಿರೋದು ಆನೆ, ಮಲಗಿರೋದು ಆನೆ ಮರಿ," ಅಂದ. ಜನ ಚಪ್ಪಾಳೆ ತಟ್ಟಿದರು. ಆನೆಯವನೇ ದಡಬಡಿಸಿ ಎದ್ದು ನಿಂತ. ಆಮೇಲೆ ಚಪ್ಪಾಳೆ ತಟ್ಟಬಾರದು ಎಂದು ಹಲಗೆ ಬರೆಸಿ ಹಾಕಿಸಿದ. ಹಲಗೆ ಓದಿದವರೆಲ್ಲ ಒಂದು ಸಲ ತಟ್ಟಿ ನೋಡಿಯೇ ಮುಂದೆ ಹೋದರು.

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಹಾಗಾಯ್ತು ನಿಮ್ಮ ಮರಳು," ಅಂದಳು ಸೂಜಿ. "ಆ ಮೈಗೆ ಅದು ಎಲ್ಲಿ ಸಾಕಾಗುತ್ತೆ?"

"ಮರಳು ಸಾಕು. ಧೈರ್ಯ ಸಾಲದು ಅವಳಿಗೆ."

"ನಿಮಗಿದ್ಯಾ? ಮಂಚ ಹಾಗೇ ಇದೆ."

ಅವನು ನಕ್ಕ. ಅದು ಅವರಿಬ್ಬರ ಕೊನೆಯ ಜಗಳ. ಇನ್ನೂ ಸ್ವಲ್ಪ ಚೆನ್ನಾಗಿರೋ ಜಗಳ ಆಡಬಹುದಿತ್ತು.

ಅವನು ಸತ್ತದ್ದು ಮಧ್ಯಾಹ್ನ, ಹುಲ್ಲಿನ ಹಟ್ಟಿಯಲ್ಲಿ. ಸೂಜಿ ಊಟದ ಡಬ್ಬಿ ತಂದಳು. ಅವನು ಹುಲ್ಲಿನ ಕಟ್ಟಿಗೆ ಒರಗಿ ಕುಳಿತಿದ್ದ, ಕಣ್ಣು ಮುಚ್ಚಿದ್ದವು, ಕೈ ತೊಡೆಯ ಮೇಲಿತ್ತು. ಯಾವಾಗಲೂ ಮಲಗುವುದು ಹಾಗೇ. ಎಬ್ಬಿಸುವುದು ಬೇಡವೆಂದು ಅವಳು ಪಕ್ಕದಲ್ಲಿ ಕುಳಿತಳು. ಸೂರಿನ ಸಂದಿಯಿಂದ ಬಿಸಿಲು ಕೋಲಾಗಿ ಬಿದ್ದಿತ್ತು, ಹುಲ್ಲಿನ ಧೂಳು ಅದರಲ್ಲಿ ಈಜುತ್ತಿತ್ತು. ಆಚೆ ದೊಡ್ಡಮ್ಮನ ಪಾದ ನೆಲಕ್ಕೆ ಉಜ್ಜುವ ಸದ್ದು, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಸೂಜಿಗೂ ಕಣ್ಣು ಎಳೆಯಿತು. ಅರ್ಧ ಗಂಟೆ ಹಾಗೇ ಇಬ್ಬರೂ ಒರಗಿದ್ದರು. ಎಚ್ಚರವಾದಾಗ ಡಬ್ಬಿ ತಣ್ಣಗಾಗಿತ್ತು. ಅವನ ಕೈಯೂ.

ಆಮೇಲೆ ಜನ ಅದನ್ನೇ ಕೇಳಿದರು. ಅರ್ಧ ಗಂಟೆ ಪಕ್ಕದಲ್ಲೇ ಇದ್ದೂ ಗೊತ್ತಾಗಲಿಲ್ವಾ? ಗೊತ್ತಾಗಲಿಲ್ಲ. ಮನುಷ್ಯ ಮಲಗಿ ನಿದ್ದೆ ಮಾಡುವವನಾಗಿದ್ದರೆ ಗೊತ್ತಾಗುತ್ತಿತ್ತು.

ಸೂಜಿ ಮೃಗಾಲಯದ ಕಡೆ ಹೋಗುವುದು ಬಿಟ್ಟಳು. ಕಿಟಕಿಯನ್ನೂ ತೆಗೆಯಲಿಲ್ಲ. ಮಷೀನಿನ ಮೇಲೆ ಬಟ್ಟೆ ಮುಚ್ಚಿದಳು. ಒಂದೂವರೆ ತಿಂಗಳಾದ ಮೇಲೆ ಡಾಕ್ಟರಮ್ಮ ಬಾಗಿಲು ಬಡಿದರು. ಬೂಟು ಹೊರಗೆ ಬಿಟ್ಟು, ಇದ್ದ ಒಂದು ಕುರ್ಚಿಯಲ್ಲಿ ಕುಳಿತರು.

"ಅಮ್ಮ, ದೊಡ್ಡಮ್ಮನ ಕಾಲು ತುಂಬ ಕೆಟ್ಟಿದೆ. ಒಳಗೆ ಕೀವು ತುಂಬಿದೆ. ಕುಯ್ದು ತೆಗೀಬೇಕು."

"ತೆಗೀರಿ."

"ನಿಂತುಕೊಂಡು ಆಗಲ್ಲ, ಅಷ್ಟು ಹೊತ್ತು ಆ ಕಾಲು ಎತ್ತಿ ಹಿಡಿಯೋಕೆ ಉಳಿದ ಕಾಲಿಗೆ ಶಕ್ತಿ ಇಲ್ಲ. ಪೂರ್ತಿ ಮತ್ತು ಬರಿಸಿ ಕೆಡವಿದ್ರೆ ಈ ವಯಸ್ಸಿಗೆ ಮತ್ತೆ ಏಳಲ್ಲ. ಅವಳಾಗಿ ಮಲಗಬೇಕು. ಮುಕ್ಕಾಲು ಗಂಟೆ. ಕಾಲಿಗೆ ಮಾತ್ರ ಜೋಮು ಹಿಡಿಸಿ ನಾನು ಮಾಡಿಬಿಡ್ತೀನಿ. ಹೊಸಬ ಬಂದಿದ್ದಾನೆ, ಒಳ್ಳೆಯವನೇ. ಅವನು ದಿನಾ ಮಂಡಿ ತಟ್ಟಿ ಹೊತ್ತಾಯ್ತು, ಹೊತ್ತಾಯ್ತು ಅಂತ ಕೂಗ್ತಾನೆ. ಅವಳು ಆ ಕಡೆ ತಿರುಗಿ ನಿಲ್ತಾಳೆ."

"ನಾನು ಏನು ಮಾಡ್ಲಿ? ನಾನು ಆನೆಯವಳಲ್ಲ. ಟೋಪಿ ಹೊಲಿಯೋಳು."

"ಶನಿವಾರದ ಒಳಗೆ ಆಗದಿದ್ರೆ ಇಂಜೆಕ್ಷನ್ ಕೊಟ್ಟುಬಿಡಿ ಅಂತ ಸಾಹೇಬ್ರು ಬರೆದಿದ್ದಾರೆ."

"ಯಾವ ಇಂಜೆಕ್ಷನ್ನು?"

ಡಾಕ್ಟರಮ್ಮ ತಮ್ಮ ಕೈ ನೋಡಿಕೊಂಡರು.

"ಓ. ಅದು," ಅಂದಳು ಸೂಜಿ. "ಕೊಡಿ. ಅವನ ಆಯುಸ್ಸೆಲ್ಲ ತಿಂದಳು. ನನ್ನ ಜೊತೆ ಮಂಚದ ಮೇಲೆ ಒಂದು ರಾತ್ರಿ ಪೂರ್ತಿ ಮಲಗೋಕೆ ಬಿಡಲಿಲ್ಲ. ಎಲ್ಲರೂ ಸಾಯ್ತಾರೆ, ಅವಳೂ ಸಾಯಲಿ."

ಡಾಕ್ಟರಮ್ಮ ಎದ್ದರು. ಬೂಟು ಹಾಕಿಕೊಳ್ಳಲು ಅವರಿಗೆ ತುಂಬ ಹೊತ್ತು ಹಿಡಿಯಿತು. ಲೇಸು ಕಟ್ಟುತ್ತಿದ್ದ ಅವರ ಬೆರಳುಗಳನ್ನು ನೋಡುತ್ತಾ ಸೂಜಿ ಬಾಗಿಲಲ್ಲಿ ನಿಂತಿದ್ದಳು.

"ಟೋಪಿ ಹಾಕಿದ್ರಾ?" ಅಂದಳು.

"ಏನು?"

"ಆಟಕ್ಕೆ ಮೊದಲು ಟೋಪಿ. ಅವನು ಗೋಣಿಚೀಲ ಹಾಕಿದ್ದನಲ್ಲ ಆವತ್ತು, ನೀವು ನೋಡಿಲ್ವಾ? ಎಲ್ಲರೂ ಅವನು ಹೇಳಿದ್ದಕ್ಕೆ ಮಲಗ್ತಾಳೆ ಅನ್ಕೊಂಡಿದ್ರು. ಅವನೂ ಹಾಗೇ ಅನ್ಕೊಂಡಿದ್ದ, ಗೋಣಿ ಬರೀ ಶೋಕಿಗೆ ಅಂತ. ಒಂದು ಸಲ ಗಂಟಲು ಕಟ್ಟಿ ಎಂಟು ದಿನ ಅವನಿಗೆ ಧ್ವನಿಯೇ ಇರಲಿಲ್ಲ. ಎಂಟು ದಿನವೂ ಮಲಗಿದಳು. ಟೋಪಿ ಕಟ್ಟುತ್ತಿದ್ದದ್ದು ನಾನು. ಟೋಪಿ ಕಟ್ಟಿದ ಮೇಲೆ ತೂಗೋದು ನಿಲ್ಲಿಸ್ತಾಳೆ. ಅಲ್ಲಿಗೇ ಅವಳ ಮೈಗೆ ಗೊತ್ತಾಗಿಬಿಡುತ್ತೆ."

"ಇದನ್ನ ಅವರಿಗೆ ಯಾವತ್ತೂ ಹೇಳಲಿಲ್ವಾ?"

"ಹೇಳಿದ್ರೆ ಬೇಜಾರು ಮಾಡ್ಕೊಳ್ತಿದ್ದ."

ಡಾಕ್ಟರಮ್ಮ ಹೋದ ಮೇಲೆ ಸೂಜಿ ಮಷೀನಿನ ಬಟ್ಟೆ ತೆಗೆದಳು. ಟೋಪಿಗೆ ಆಗುವಷ್ಟು ದೊಡ್ಡ ಬಟ್ಟೆ ಮನೆಯಲ್ಲಿ ಒಂದೇ ಇತ್ತು. ಮಂಚದ ಮೇಲಿನ ಹಾಸು. ಅವಳ ಕಡೆ ಸವೆದು ಜಾಳಾಗಿತ್ತು. ಅವನ ಕಡೆ ಅಂಗಡಿಯಿಂದ ತಂದ ದಿನದ ಹಾಗೇ ಇತ್ತು. ಅವನ ಕಡೆಯಿಂದ ಕತ್ತರಿಸಿದಳು. ಅಳತೆ ಬೇಕಾಗಿರಲಿಲ್ಲ. ಅವನ ಅಂಗಿಯ ಅಳತೆಗಿಂತ ದೊಡ್ಡಮ್ಮನ ತಲೆಯ ಅಳತೆ ಅವಳ ಕೈಗೆ ಹೆಚ್ಚು ಗೊತ್ತಿತ್ತು.

ಮಾರನೇ ಬೆಳಿಗ್ಗೆ ಮೃಗಾಲಯದ ಬಾಗಿಲು ಜನರಿಗೆ ತೆಗೆಯಲಿಲ್ಲ. ಸಾಹೇಬರು, ಡಾಕ್ಟರಮ್ಮ, ಹೊಸಬ, ಇಷ್ಟೇ ಜನ. ಹೊಸಬ ಗಟ್ಟಿಮುಟ್ಟಾದ ಆಸಾಮಿ. ಆನೆಯಿಂದ ಎರಡು ಮಾರು ದೂರ ನಿಂತು, "ಅಕ್ಕಾ, ಹುಷಾರು, ನಿನ್ನೆ ನನ್ನ ಪೊರಕೆ ಮುರಿದುಹಾಕಿದಳು," ಅಂದ.

"ಪೊರಕೆ ತಾನೇ? ನನ್ನ ಮನೇನೇ ಮುರಿದಿದ್ದಾಳೆ ಅವಳು," ಅಂದಳು ಸೂಜಿ. ಬಕೆಟ್ ಬೋರಲು ಹಾಕಿ ಹತ್ತಿದಳು.

ದೊಡ್ಡಮ್ಮ ಸೊರಗಿದ್ದಳು. ಕೆನ್ನೆಯ ಮೂಳೆ ಕಾಣುತ್ತಿತ್ತು. ಸೊಂಡಿಲಿನ ತುದಿ ಬಂದು ಸೂಜಿಯ ಕುತ್ತಿಗೆ ಮೂಸಿತು, ಕೈ ಮೂಸಿತು, ಟೋಪಿ ಮೂಸಿತು. ಟೋಪಿಯ ಹತ್ತಿರ ತುಂಬ ಹೊತ್ತು ನಿಂತಿತು. ಆಮೇಲೆ ತಲೆ ತಗ್ಗಿತು. ಸೂಜಿ ಟೋಪಿ ಹೊದಿಸಿ, ಗಲ್ಲದ ಕೆಳಗೆ ಎರಡು ಲಾಡಿ ಎಳೆದು ಕಟ್ಟಿದಳು. ಕೈಗೆ ಅಭ್ಯಾಸ ತಪ್ಪಿರಲಿಲ್ಲ. ತೂಗುವುದು ನಿಂತಿತು.

"ಹೊತ್ತಾಯ್ತು, ದೊಡ್ಡಮ್ಮ."

ದೊಡ್ಡಮ್ಮ ಹುಲ್ಲಿನ ಹಟ್ಟಿಯ ಬಾಗಿಲ ಕಡೆ ನೋಡಿದಳು. ನೋಡುತ್ತಲೇ ಇದ್ದಳು. ಸಾಹೇಬರು ಗಡಿಯಾರ ನೋಡಿಕೊಂಡರು. ಹೊಸಬ ಕೆಮ್ಮಿದ.

ಸೂಜಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಆ ಕಡೆ ಏನು ನೋಡ್ತೀಯ? ಅವನು ಬರಲ್ಲ. ನಿನ್ನ ಹತ್ರಾನೂ ಬರಲ್ಲ, ನನ್ನ ಹತ್ರಾನೂ ಬರಲ್ಲ. ನಾನೂ ನೋಡಿ ನೋಡಿ ಸಾಕಾಗಿದೆ. ಮಲಗೇ."

ದೊಡ್ಡಮ್ಮ ಮರಳಿನ ಕಡೆ ತಿರುಗಿದಳು. ಹಿಂಗಾಲು ಮಡಿಚಿದಳು. ನೋವಿದ್ದ ಕಾಲನ್ನು ನಿಧಾನವಾಗಿ ಮುಂದಕ್ಕೆ ಚಾಚಿದಳು. ಗುಡ್ಡೆಯ ಇಳಿಜಾರಿಗೆ ಪಕ್ಕ ಕೊಟ್ಟು, ಉಸಿರು ಬಿಟ್ಟು ಮಲಗಿದಳು. ಕೆಟ್ಟ ಕಾಲು ಮೇಲೆ ಬಂತು. ಡಾಕ್ಟರಮ್ಮ ಆಗಲೇ ಮಂಡಿಯೂರಿ ಕುಳಿತಿದ್ದರು.

ಗೊರಕೆ ಶುರುವಾಯಿತು. ಆಟದ ಗೊರಕೆ. ಸೂಜಿ ಕಿವಿಯ ಹತ್ತಿರ ಕುಳಿತಳು. ಜೋಗುಳ ಹಾಡುತ್ತಿದ್ದ ಜೋಕರ್ ಎಲ್ಲಿದ್ದಾನೋ ಏನೋ. ಅವಳಿಗೆ ಹಾಡು ಬರುತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದಳು. ನಲ್ಲಿ ತೊಟ್ಟಿಕ್ಕುತ್ತಿರುವುದು. ಪಕ್ಕದ ಕೋಣೆಯವಳ ಮಾತು. ಡೇರೆ ಗಾಳಿಗೆ ಹಾರಿಹೋದ ಊರು. ನದಿ ದಾಟುವಾಗ ದೊಡ್ಡಮ್ಮ ಲಾರಿಯಲ್ಲಿ ನಿಂತೇ ನೀರಿಗೆ ಸೊಂಡಿಲು ಚಾಚಿದ್ದು, ಸೇತುವೆಯ ಮೇಲಿನ ಜನವೆಲ್ಲ ನಿಂತು ನೋಡಿದ್ದು. ಅವತ್ತು ಆನೆಯವನು ಹಸಿರು ಅಂಗಿ ಹಾಕಿದ್ದ. ಇಲ್ಲ, ಹಸಿರಲ್ಲ, ನೀಲಿ. ಹಸಿರು ಆಮೇಲೆ ಹೊಲಿದದ್ದು. ಮಾತಾಡುತ್ತಾ ಆಡುತ್ತಾ ಅವಳಿಗೇ ಬೆಳಗಿನ ಬಿಸಿಲು ನೀಲಿ ಪಟ್ಟೆ, ಹಳದಿ ಪಟ್ಟೆಯಾಗಿ ಕಾಣತೊಡಗಿತು. ಆನೆಯ ಮೈ ಏರುತ್ತಿತ್ತು, ಇಳಿಯುತ್ತಿತ್ತು. ದೋಣಿಗೆ ಒರಗಿ ಕುಳಿತ ಹಾಗಿತ್ತು.

ಗೊರಕೆ ಯಾವಾಗ ನಿಂತಿತೋ ಅವಳಿಗೆ ತಿಳಿಯಲಿಲ್ಲ.

"ಆಯ್ತು," ಅಂದರು ಡಾಕ್ಟರಮ್ಮ. ಕೈಯೆಲ್ಲ ಕೀವು, ಮುಖವೆಲ್ಲ ಬೆವರು. "ಪೂರ್ತಿ ತೆಗೆದೆ. ಕಟ್ಟು ಹಾಕಿದ್ದೀನಿ. ಎಬ್ಬಿಸಿ."

ಸಾಹೇಬರು ಮುಂದೆ ಬಂದು ಎರಡೂ ಕೈ ಎತ್ತಿದರು. ಸೂಜಿ ಎದ್ದವಳೇ ಅವರ ಎರಡೂ ಮಣಿಕಟ್ಟು ಹಿಡಿದುಕೊಂಡಳು.

"ಕೈ ಇಳಿಸಿ ಸಾಹೇಬ್ರೇ."

"ಏನಮ್ಮಾ ಇದು?"

"ಇಳಿಸಿ ಅಂದೆ."

ಸಾಹೇಬರು ಇಳಿಸಿದರು. ಆಗ ಎಲ್ಲರಿಗೂ ಕೇಳಿಸಿತು. ಏನೂ ಕೇಳಿಸುತ್ತಿಲ್ಲ ಎಂಬುದು ಕೇಳಿಸಿತು. ಗೊರಕೆ ಇಲ್ಲ. ಕಿವಿ ಅಲ್ಲಾಡುತ್ತಿಲ್ಲ. ಕಣ್ಣು ಮುಚ್ಚಿದೆ. ಸೂಜಿ ಈ ಮೌನದಲ್ಲಿ ಒಂದು ಸಲ ಅರ್ಧ ಗಂಟೆ ಕುಳಿತವಳು. ಪಕ್ಕದಲ್ಲೇ ಇದ್ದೂ ಗೊತ್ತಾಗಲಿಲ್ವಾ? ಅವಳು ಬಗ್ಗಿ, ಮರಳಿನ ಮೇಲೆ ಬಿದ್ದಿದ್ದ ಸೊಂಡಿಲಿನ ತುದಿಗೆ ಅಂಗೈ ಹಿಡಿದಳು. ಏನೂ ಬರಲಿಲ್ಲ. ಇನ್ನೂ ಹಿಡಿದಳು. ಒಂದು, ಎರಡು, ಮೂರು ಎಂದು ಎಣಿಸಿದಳು. ಒಂಬತ್ತಕ್ಕೆ ಬಿಸಿ ಉಸಿರು ಬಂದು ಅಂಗೈ ಒದ್ದೆಯಾಯಿತು.

ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿದರು. ಪಿಸುಮಾತಿನಲ್ಲಿ, "ನಿಜವಾಗ್ಲೂ ನಿದ್ದೆ," ಅಂದರು. "ಒಂದು ಗಂಟೆ ಬಿಡಬಹುದು. ಅದಕ್ಕಿಂತ ಹೆಚ್ಚು ಆದ್ರೆ ಎಬ್ಬಿಸಲೇಬೇಕು, ಇವತ್ತು ಅವಳ ಎದೆ ಅಷ್ಟು ಭಾರ ತಡೆಯಲ್ಲ."

ಒಂದು ಗಂಟೆ ಯಾರೂ ಅಲುಗಲಿಲ್ಲ. ಸಾಹೇಬರು ಚಪ್ಪಾಳೆ ತಟ್ಟುವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಹೊಸಬ ಸೀನು ಬಂದಾಗ ಮೂಗು ಹಿಡಿದು ಆಚೆ ಓಡಿದ. ದೊಡ್ಡಮ್ಮನ ಸೊಂಡಿಲಿನ ತುದಿ ಏನನ್ನೋ ಕೀಳುವ ಹಾಗೆ ಮಡಿಚಿತು, ಬಿಚ್ಚಿತು. ಹಿಂಗಾಲು ಸಣ್ಣಗೆ ಆಡಿತು. ಎಲ್ಲಿಗೋ ನಡೆಯುತ್ತಿದ್ದಳು. ಸರ್ಕಸ್ಸಿನಲ್ಲಿ ಅಷ್ಟು ದೂರ ನಡೆಯುವ ಜಾಗ ಇರಲಿಲ್ಲ, ಇಲ್ಲೂ ಇಲ್ಲ. ಲಾರಿ ಹತ್ತುವ ಮೊದಲಿನದು ಇರಬೇಕು. ಅಮ್ಮನ ಹೊಟ್ಟೆಯ ಕೆಳಗೆ ನಡೆದದ್ದು. ಸೂಜಿ ನೋಡುತ್ತಾ ಕುಳಿತಳು. ಅವನಿಗೂ ಕನಸು ಬೀಳುತ್ತಿತ್ತೋ ಏನೋ, ಕೇಳಿಯೇ ಇರಲಿಲ್ಲ.

ಗಂಟೆಗೆ ಇನ್ನೂ ಸ್ವಲ್ಪ ಇರುವಾಗ ದೊಡ್ಡಮ್ಮ ಕಣ್ಣು ಬಿಟ್ಟಳು. ಯಾರೂ ತಟ್ಟದೆ ಎದ್ದಳು, ಕುಂಟುತ್ತಾ ಹೋಗಿ ನೀರು ಕುಡಿದಳು.

ಕಾಲಿಗೆ ದಿನಾ ಕಟ್ಟು ಬಿಚ್ಚಿ ತೊಳೆದು ಮತ್ತೆ ಕಟ್ಟಬೇಕಿತ್ತು. ಸೂಜಿ ದಿನಾ ಬಂದಳು. ದಿನಾ ಟೋಪಿ, ದಿನಾ ಮರಳು. ಎರಡನೇ ದಿನ ಆಟದ ಗೊರಕೆ ಮಾತ್ರ. ಮೂರನೇ ದಿನವೂ ಅಷ್ಟೇ. ತೊಳೆದು ಮುಗಿದ ಮೇಲೆ ಡಾಕ್ಟರಮ್ಮ ಮೆಲ್ಲಗೆ ಒಂದು ಸಲ ಚಪ್ಪಾಳೆ ತಟ್ಟುತ್ತಿದ್ದರು, ದೊಡ್ಡಮ್ಮ ಏಳುತ್ತಿದ್ದಳು. ಮೊದಲ ದಿನದ್ದು ಆಯಾಸಕ್ಕೆ ಬಂದ ನಿದ್ದೆ ಇರಬೇಕು ಅಂದರು ಡಾಕ್ಟರಮ್ಮ. ಆಸೆ ಇಟ್ಟುಕೊಳ್ಳಬೇಡಿ ಅಂದರು. ಸೂಜಿ, "ನಾನು ಯಾವ ಆಸೆ ಇಟ್ಕೊಂಡಿದ್ದೀನಿ," ಅಂದಳು. ಇಟ್ಟುಕೊಂಡಿದ್ದಳು.

ಒಂಬತ್ತನೇ ದಿನ ಅವಳು ಹೊರಡುವುದು ತಡವಾಯಿತು. ಟೋಪಿಯ ಲಾಡಿ ಕಿತ್ತುಹೋಗಿತ್ತು, ಹೊಲಿಯುತ್ತಾ ಕುಳಿತಿದ್ದಳು. ಓಡುತ್ತಾ ಬಂದಾಗ ಹೊಸಬ ಆನೆಯ ಬಾಗಿಲ ಹೊರಗೆ ಬೂಟು ಕೈಯಲ್ಲಿ ಹಿಡಿದು ನಿಂತಿದ್ದ. ಬಾಗಿಲ ಸಂದಿಯ ಕಡೆ ಬೆರಳು ತೋರಿಸಿದ. ಸೂಜಿ ಬಗ್ಗಿ ನೋಡಿದಳು. ತಲೆಗೆ ಟೋಪಿ ಇಲ್ಲ. ಗೊರಕೆ ಇಲ್ಲ. ಮರಳಿನ ಗುಡ್ಡೆಗೆ ಪಕ್ಕ ಕೊಟ್ಟು, ನಾಲ್ಕೂ ಕಾಲು ಚಾಚಿ.

ಸೂಜಿ ಬಾಗಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕುಳಿತಳು. ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ. ಅವನು ಇದನ್ನು ನೋಡಲಿಲ್ಲ. ನೋಡಬೇಕಿತ್ತು. ಹೊಸಬ ಆ ಕಡೆ ತಿರುಗಿ, ಬೂಟಿನ ಮಣ್ಣು ಕೆದಕುತ್ತಾ ನಿಂತ.

ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಔಷಧದ ಪೆಟ್ಟಿಗೆ ಹಿಡಿದು ದಡದಡ ಬಂದರು.

"ಏನಮ್ಮ, ಹೊರಗೆ ಕೂತಿದ್ದೀರಿ? ಬನ್ನಿ, ಕಟ್ಟು ಬಿಚ್ಚೋಣ."

ಸೂಜಿ ಕಣ್ಣು ಒರೆಸಿಕೊಂಡಳು. ಜಾಗ ಬಿಡಲಿಲ್ಲ.

"ದೊಡ್ಡಮ್ಮ ಮಲಗಿದ್ದಾಳೆ," ಅಂದಳು. "ಆಮೇಲೆ ಬನ್ನಿ."